ಸೂಟಿಗೆ ಹೊರಟ ಕಾರಿನಲ್ಲಿ ನಾಯಿಯ ಜಾಗ ಯಾವುದು? ಧಾರವಾಡ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ಪ್ರಾಣಿ ದಯಾ ಸಂಘದ ಅಧ್ಯಕ್ಷರು,
ಧಾರವಾಡ.

ಮಾನ್ಯರೇ,

ಶಾಲಾ ಪರೀಕ್ಷೆಗಳು ಮುಗಿಯುತ್ತ ಬಂದಿವೆ. ಏಪ್ರಿಲ್ ಎರಡನೇ ವಾರದಿಂದ ಮೇ ತಿಂಗಳ ಕೊನೆಯವರೆಗೆ ಹುಬ್ಬಳ್ಳಿ-ಧಾರವಾಡ ಅವಳಿ ನಗರದಿಂದ ಹೊರಡುವ ಕಾರುಗಳು ಹಿಡಿಯುವ ದಾರಿಗಳು ತಮಗೆ ಗೊತ್ತಿರುವಂಥವೇ: ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲಾ, ಗೋಕರ್ಣ, ಮುರ್ಡೇಶ್ವರ, ಹಳಿಯಾಳದ ಮೇಲೆ ದಾಂಡೇಲಿ, ತಡಸ, ಮುಂಡಗೋಡದ ಮೇಲೆ ಶಿರಸಿ, ಗದಗ, ಕೊಪ್ಪಳದ ಮೇಲೆ ಹಂಪಿ. ಈಚಿನ ವರ್ಷಗಳಲ್ಲಿ ಈ ಕಾರುಗಳಲ್ಲಿ ಮನೆಯ ನಾಯಿ, ಬೆಕ್ಕುಗಳೂ ಪ್ರಯಾಣ ಮಾಡುತ್ತಿವೆ. ಹಿಂದೆ ಮನೆ ಕಾಯಲೆಂದು ಅಂಗಳದಲ್ಲಿ ಬಿಟ್ಟು ಹೋಗುತ್ತಿದ್ದ ಪ್ರಾಣಿಯನ್ನು ಈಗ ಜೊತೆಗೇ ಕರೆದೊಯ್ಯುವಷ್ಟು ಮಮತೆ ಬೆಳೆದಿರುವುದು ಒಳ್ಳೆಯದೇ. ಆದರೆ ಅದರ ಬೆನ್ನಿಗೆ ಬರಬೇಕಾಗಿದ್ದ ತಿಳಿವಳಿಕೆ ಬಂದಿಲ್ಲ, ಆಡಳಿತದ ಕಡೆಯಿಂದ ಆಗಬೇಕಾಗಿದ್ದ ಏರ್ಪಾಡೂ ಆಗಿಲ್ಲ. ಆ ಕಾರಣಕ್ಕೆ ಈ ಪತ್ರ.

ಪಶುಪಾಲನಾ ಇಲಾಖೆಗೋ ಸಂಚಾರ ಪೊಲೀಸರಿಗೋ ಬರೆಯದೆ ತಮಗೇ ಬರೆಯುತ್ತಿರುವುದಕ್ಕೆ ಕಾರಣವಿದೆ. 2001ರ ಕೇಂದ್ರ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಪ್ರಾಣಿ ದಯಾ ಸಂಘ ಇರಬೇಕು. ನಮ್ಮ ರಾಜ್ಯದಲ್ಲಿ ಜಿಲ್ಲಾಧಿಕಾರಿಗಳೇ ಅದರ ಅಧ್ಯಕ್ಷರು. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷರೂ ತಾವೇ. ಕಾರಿನಲ್ಲಿ ಪ್ರಯಾಣ ಮಾಡುವ ಸಾಕುಪ್ರಾಣಿಯ ವಿಷಯ ಈ ಎರಡು ಸಮಿತಿಗಳ ನಡುವಿನ ಸಂದಿಯಲ್ಲಿ ಬಿದ್ದಿದೆ. ಒಂದರ ಗಮನ ಸಹಜವಾಗಿ ಬೀದಿನಾಯಿಗಳ ಮತ್ತು ಜಾನುವಾರು ಸಾಗಣೆಯ ಕಡೆಗಿದ್ದರೆ, ಇನ್ನೊಂದರದು ಹೆಲ್ಮೆಟ್, ವೇಗ ಮತ್ತು ಅಪಘಾತ ವಲಯಗಳ ಕಡೆಗಿದೆ. ಎರಡೂ ಕುರ್ಚಿಗಳಲ್ಲಿ ಕೂರುವವರು ಒಬ್ಬರೇ ಆಗಿರುವಾಗ ಈ ಸಂದಿಯನ್ನು ಮುಚ್ಚುವುದು ಕಷ್ಟದ ಕೆಲಸವಲ್ಲ ಎಂದು ನಾನು ನಂಬಿದ್ದೇನೆ.

ಕಾನೂನು ಈ ವಿಷಯದಲ್ಲಿ ಪೂರ್ತಿ ಮೌನವಾಗಿಲ್ಲ. ಪ್ರಾಣಿಗೆ ಅನಗತ್ಯ ನೋವಾಗುವಂತೆ ವಾಹನದಲ್ಲಿ ಸಾಗಿಸುವುದನ್ನೂ, ಸಾಕಿದ ಪ್ರಾಣಿಯನ್ನು ನಡುದಾರಿಯಲ್ಲಿ ಬಿಟ್ಟು ಹೋಗುವುದನ್ನೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮು ಅಪರಾಧವೆಂದು ಹೇಳುತ್ತದೆ. ಆದರೆ ಮೊದಲ ತಪ್ಪಿಗೆ ಅದು ಹೇಳುವ ದಂಡ 10 ರೂಪಾಯಿಯಿಂದ 50 ರೂಪಾಯಿ. ದುರ್ಗದಬೈಲಿನಲ್ಲಿ ಇಬ್ಬರು ನಿಂತು ಮಿರ್ಚಿ ಭಜಿ ತಿಂದರೆ ಇದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಇನ್ನು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2015ರಲ್ಲಿ ಸೇರಿಸಿದ 125ಇ ನಿಯಮ, ಜಾನುವಾರು ಸಾಗಿಸುವ ಲಾರಿಯಲ್ಲಿ ಒಂದು ಆಕಳಿಗೆ 2 ಚದರ ಮೀಟರ್, ಒಂದು ಕುರಿಗೆ 0.3 ಚದರ ಮೀಟರ್ ಜಾಗ ಬೇಕೆಂದು ಅಳತೆ ಕೊಡುತ್ತದೆ. ಸಂತೆಗೆ ಹೋಗುವ ಕುರಿಗಾದರೂ ಕಾಗದದ ಮೇಲೆ ಒಂದು ಅಳತೆ ಇದೆ. ಮನೆಯ ಕಾರಿನಲ್ಲಿ ಕೂತ ನಾಯಿಗೆ ಅಷ್ಟೂ ಇಲ್ಲ. ಜಿಲ್ಲಾ ಮಟ್ಟದಲ್ಲಿ ಕಾಯ್ದೆ ತಿದ್ದಲು ಬರುವುದಿಲ್ಲ ಎಂಬುದು ನನಗೆ ಗೊತ್ತು, ಅದನ್ನು ನಾನು ಕೇಳುತ್ತಲೂ ಇಲ್ಲ. ತಿಳಿಸಿ ಹೇಳುವುದು, ಫಲಕ ಹಾಕುವುದು, ರಜಾದಿನದ ವೈದ್ಯಸೇವೆಯನ್ನು ಹೊಂದಿಸುವುದು ಇವೆಲ್ಲ ತಮ್ಮ ಕೈಯಲ್ಲೇ ಇರುವ ಕೆಲಸಗಳು.

ಎಲ್ಲಕ್ಕಿಂತ ಮೊದಲು ನಿಲ್ಲಿಸಿದ ಕಾರಿನ ಮಾತು, ಏಕೆಂದರೆ ಬೇಸಿಗೆಯ ಪ್ರವಾಸದಲ್ಲಿ ಚಾಲಕನಿಗೆ ಅಪಾಯವೆಂದು ತೋರದೆಯೇ ಪ್ರಾಣಿಯ ಜೀವ ತೆಗೆಯುವಂಥದ್ದು ಇದು. ನಮ್ಮ ಪ್ರವಾಸಗಳು ಬಹುಮಟ್ಟಿಗೆ ದೇವಸ್ಥಾನಗಳಿಗೆ ಹೊಂದಿಕೊಂಡೇ ಇರುತ್ತವೆ. ಶಿರಸಿಯ ಮಾರಿಕಾಂಬೆ, ಇಡಗುಂಜಿಯ ಗಣಪತಿ, ಗೋಕರ್ಣದ ಮಹಾಬಲೇಶ್ವರ ಹೀಗೆ ದರ್ಶನಕ್ಕೆ ಇಳಿದ ಕುಟುಂಬ ನಾಯಿಯನ್ನು ಒಳಗೆ ಕರೆದೊಯ್ಯುವಂತಿಲ್ಲ. ಆದ್ದರಿಂದ ಗಾಜನ್ನು ಎರಡು ಬೆರಳಷ್ಟು ಇಳಿಸಿ, ಹತ್ತು ನಿಮಿಷದಲ್ಲಿ ಬರುತ್ತೇವೆಂದು ಹೇಳಿ ಹೋಗುತ್ತದೆ. ಸರದಿ ಸಾಲು, ಮಂಗಳಾರತಿ, ಪ್ರಸಾದ, ಚಪ್ಪಲಿ ಹುಡುಕುವುದು ಎಲ್ಲ ಸೇರಿ ಆ ಹತ್ತು ನಿಮಿಷ ಒಂದು ತಾಸಾಗುವುದು ಸೂಟಿಯ ದಿನಗಳಲ್ಲಿ ಮಾಮೂಲು. ಬಿಸಿಲಲ್ಲಿ ನಿಂತ ಮುಚ್ಚಿದ ಕಾರಿನ ಒಳಗಿನ ಉಷ್ಣಾಂಶ ಒಂದು ತಾಸಿನಲ್ಲಿ ಸುಮಾರು 22 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಅದರಲ್ಲೂ ಹೆಚ್ಚಿನ ಪಾಲು ಮೊದಲ ಅರ್ಧ ತಾಸಿನಲ್ಲೇ ಏರಿರುತ್ತದೆ. ಹೊರಗೆ 35 ಡಿಗ್ರಿ ಇದ್ದರೆ ಅರ್ಧ ತಾಸಿನಲ್ಲಿ ಒಳಗೆ 50 ದಾಟಿತೆಂದೇ ಲೆಕ್ಕ. ಎರಡು ಬೆರಳು ಇಳಿಸಿದ ಗಾಜಿನಿಂದ ಈ ಲೆಕ್ಕ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ ಎಂಬುದನ್ನು ಅಳೆದು ನೋಡಿದ್ದಾರೆ.

ಮನುಷ್ಯನ ಹಾಗೆ ನಾಯಿಯ ಮೈ ಬೆವರುವುದಿಲ್ಲ. ಪಾದದ ಮೆತ್ತೆಗಳಲ್ಲಿ ಅಲ್ಪಸ್ವಲ್ಪ ಬೆವರಿದರೂ ಅದು ಮೈಯನ್ನು ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ನಾಲಗೆ ಚಾಚಿ ಏದುಸಿರು ಬಿಟ್ಟೇ. ಒಳಗಿನ ಗಾಳಿಯೇ ಕಾದು ತೇವಗೊಂಡಾಗ ಏದುಸಿರಿನಿಂದ ಪ್ರಯೋಜನ ಸಿಗುವುದಿಲ್ಲ. ಆರೋಗ್ಯವಂತ ನಾಯಿಯ ಮೈಶಾಖ 38ರಿಂದ 39 ಡಿಗ್ರಿಯ ಆಸುಪಾಸು. 41 ದಾಟಿದರೆ ಅದು ಶಾಖಾಘಾತ, ಅಲ್ಲಿಂದ ಮುಂದೆ ಮಿದುಳು, ಮೂತ್ರಪಿಂಡ, ಕರುಳು ಒಂದೊಂದಾಗಿ ಕೈಕೊಡುತ್ತವೆ. ಪಗ್, ಬುಲ್‌ಡಾಗ್, ಶಿತ್ಜು ಮುಂತಾದ ಚಪ್ಪಟೆ ಮೂಗಿನ ತಳಿಗಳಿಗೆ ಉಸಿರಾಟವೇ ತೊಡಕಿನದಾದ್ದರಿಂದ ಅವು ಉಳಿದವುಗಳಿಗಿಂತ ಬೇಗ ಕುಸಿಯುತ್ತವೆ. ಅವಳಿ ನಗರದಲ್ಲಿ ಪಗ್ ಸಾಕುವುದು ಒಂದು ಕಾಲಕ್ಕೆ ಭಾರಿ ಗೀಳಾಗಿತ್ತು. ಅದನ್ನು ಹಚ್ಚಿದ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ನಾಯಿಯ ಮೂಗಿನ ಬಗ್ಗೆ ಒಂದು ಮಾತೂ ಇರಲಿಲ್ಲ.

ಹಾಗೆ ಬಸವಳಿದ ನಾಯಿ ಕಂಡರೆ ಏನು ಮಾಡಬೇಕೆಂಬುದೂ ಬಹಳ ಜನಕ್ಕೆ ತಿಳಿಯದು. ಮೊದಲು ನೆರಳಿಗೆ ತರಬೇಕು, ಹೊಟ್ಟೆ, ತೊಡೆಸಂದಿ, ಪಾದಗಳಿಗೆ ತಣ್ಣೀರು ಸುರಿಯುತ್ತ ಗಾಳಿ ಹಾಕಬೇಕು, ಪ್ರಜ್ಞೆ ಇದ್ದರೆ ಮಾತ್ರ ಸ್ವಲ್ಪ ಸ್ವಲ್ಪ ನೀರು ಕುಡಿಸಬೇಕು. ಮೈ ತಂಪಾಗಲು ಶುರುವಾದ ಮೇಲೆ ಆಸ್ಪತ್ರೆಯ ದಾರಿ ಹಿಡಿಯಬೇಕು. ಒದ್ದೆ ಟವೆಲ್ ಹೊದಿಸಿ ಹಾಗೆಯೇ ಮಲಗಿಸಿದರೆ ಮೈಯ ಕಾವು ಟವೆಲಿನ ಕೆಳಗೇ ಸಿಕ್ಕಿಬೀಳುತ್ತದೆ, ಆದ್ದರಿಂದ ಆ ರೂಢಿ ಬಿಡಬೇಕು. ಚೇತರಿಸಿಕೊಂಡಂತೆ ಕಂಡ ನಾಯಿಯನ್ನೂ ವೈದ್ಯರಿಗೆ ತೋರಿಸಲೇಬೇಕು. ಒಳಗಿನ ಹಾನಿ ಒಂದೆರಡು ದಿನ ತಡವಾಗಿ ಹೊರಬೀಳುವುದುಂಟು.

ಇಲ್ಲಿ ತಮ್ಮಲ್ಲಿ ನನ್ನ ಮೊದಲ ಕೋರಿಕೆ. ನಮ್ಮ ಜಿಲ್ಲೆಯ ಪ್ರವಾಸಿ ತಾಣಗಳ ಮತ್ತು ದೊಡ್ಡ ದೇವಸ್ಥಾನಗಳ ವಾಹನ ನಿಲುಗಡೆಯಲ್ಲಿ, ಮುಚ್ಚಿದ ಕಾರಿನಲ್ಲಿ ಮಗುವನ್ನಾಗಲಿ ಪ್ರಾಣಿಯನ್ನಾಗಲಿ ಬಿಟ್ಟು ಹೋಗಬಾರದೆಂಬ ಕನ್ನಡ ಫಲಕ ಹಾಕಿಸಬೇಕು. ಮರದ ನೆರಳಿರುವ ಕಡೆ ನಾಲ್ಕಾರು ಗಾಡಿಗಳ ಜಾಗವನ್ನು ಪ್ರಾಣಿ ಇರುವ ಕುಟುಂಬಗಳಿಗೆ ಮೀಸಲಿಟ್ಟರೆ, ಮನೆಯವರು ಸರದಿಯಂತೆ ದರ್ಶನಕ್ಕೆ ಹೋಗಿ ಒಬ್ಬರು ನಾಯಿಯ ಜೊತೆ ಹೊರಗೆ ಉಳಿಯಲು ಅನುಕೂಲವಾಗುತ್ತದೆ. ಫಲಕಕ್ಕಿಂತಲೂ ಮುಖ್ಯವಾದದ್ದು ನಿಲುಗಡೆಯ ಸಿಬ್ಬಂದಿಗೆ ಬರಹದಲ್ಲಿ ಒಂದು ಸೂಚನೆ. ಕಾರಿನೊಳಗೆ ಪ್ರಾಣಿ ಏದುಸಿರು ಬಿಡುತ್ತಿರುವುದು ಕಂಡರೆ ಧ್ವನಿವರ್ಧಕದಲ್ಲಿ ಗಾಡಿಯ ನಂಬರು ಕೂಗಬೇಕು, ಮಾಲೀಕರು ಬಾರದಿದ್ದರೆ 112ಕ್ಕೆ ಕರೆ ಮಾಡಬೇಕು, ಗಾಜು ಒಡೆಯುವ ತೀರ್ಮಾನವನ್ನು ಸ್ಥಳಕ್ಕೆ ಬಂದ ಪೊಲೀಸರು ತೆಗೆದುಕೊಳ್ಳಬಹುದು. ಇಷ್ಟು ಸ್ಪಷ್ಟವಾಗಿ ಬರೆದು ಕೊಡದಿದ್ದರೆ ಸಿಬ್ಬಂದಿ ಯಾರದೋ ದುಬಾರಿ ಕಾರಿನ ಗೊಡವೆ ಬೇಡವೆಂದು ಸುಮ್ಮನಿರುತ್ತಾರೆ, ಅವರನ್ನು ದೂರುವುದರಲ್ಲೂ ಅರ್ಥವಿಲ್ಲ.

ಓಡುವ ಕಾರಿನ ವಿಷಯಕ್ಕೆ ಬರುತ್ತೇನೆ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕೆಂದು ಈಗ ಜನ ತಕ್ಕಮಟ್ಟಿಗೆ ಒಪ್ಪಿದ್ದಾರೆ. ಆದರೆ ಅದೇ ಸೀಟಿನಲ್ಲಿ ಮೂವತ್ತು ಕಿಲೋ ತೂಕದ ಲ್ಯಾಬ್ರಡಾರ್ ಏನೂ ಕಟ್ಟಿಲ್ಲದೆ ನಿಂತಿರುತ್ತದೆ. ತಾಸಿಗೆ 50 ಕಿಲೋಮೀಟರ್ ವೇಗದ ಕಾರು ಡಿಕ್ಕಿ ಹೊಡೆದು ಅರ್ಧ ಮೀಟರಿನೊಳಗೆ ನಿಂತರೆ ಒಳಗಿನ ಪ್ರತಿಯೊಂದು ವಸ್ತುವೂ ತನ್ನ ತೂಕದ ಸುಮಾರು ಇಪ್ಪತ್ತು ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಆ ನಾಯಿ ಆಗ ಆರುನೂರು ಕಿಲೋ ಭಾರವಾಗಿ ಚಾಲಕನ ಬೆನ್ನಿಗೆ ಬರುತ್ತದೆ. ನಾಯಿ ಬದುಕುವುದು ದೂರ, ಬೆಲ್ಟ್ ಹಾಕಿದ ಚಾಲಕನ ಜೀವಕ್ಕೂ ಅಪಾಯವಿದೆ. ಚಿಕ್ಕ ನಾಯಿಯನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವುದು ಇನ್ನೂ ಕೆಟ್ಟದ್ದು, ಏಕೆಂದರೆ ಸೆಕೆಂಡಿನ ಒಂದು ಸಣ್ಣ ಪಾಲಿನಲ್ಲಿ ಬಿಚ್ಚಿಕೊಳ್ಳುವ ಏರ್‌ಬ್ಯಾಗಿಗೂ ಮನುಷ್ಯನ ಎದೆಗೂ ನಡುವೆ ಅದು ಸಿಕ್ಕಿಬೀಳುತ್ತದೆ. ಚಾಲಕನ ತೊಡೆಯ ಮೇಲೆ ನಾಯಿ ಕೂರಿಸಿಕೊಂಡು ಗೋಕುಲ ರಸ್ತೆಯಲ್ಲಿ ಹೋಗುವವರನ್ನು ನಾನು ನೋಡಿದ್ದೇನೆ. ಅವರಿಗೆ ಉಪದೇಶ ಸಾಲದು, ಸಂಚಾರ ಪೊಲೀಸರ ಚೀಟಿಯೇ ಬೇಕು.

ಸರಿಯಾದ ದಾರಿ ಎರಡು. ಎದೆಯನ್ನು ಸುತ್ತುವ ಗಟ್ಟಿ ಹಾರ್ನೆಸ್ ತೊಡಿಸಿ, ಅದನ್ನು ಹಿಂದಿನ ಸೀಟಿನ ಬೆಲ್ಟಿನ ಕೊಂಡಿಗೆ ಗಿಡ್ಡ ಪಟ್ಟಿಯಿಂದ ಕಟ್ಟುವುದು ಒಂದು. ಪ್ರಾಣಿ ಎದ್ದು ನಿಂತು ತಿರುಗುವಷ್ಟು ದೊಡ್ಡದಾದ, ಗಾಳಿಯಾಡುವ ಪೆಟ್ಟಿಗೆಯಲ್ಲಿ ಕೂರಿಸಿ ಆ ಪೆಟ್ಟಿಗೆಯನ್ನೇ ಅಲುಗಾಡದಂತೆ ಬಿಗಿಯುವುದು ಇನ್ನೊಂದು. ಕೊರಳಪಟ್ಟಿಗೆ ಬೆಲ್ಟ್ ಕಟ್ಟಿದರೆ ಬ್ರೇಕ್ ಹಾಕಿದಾಗ ಕುತ್ತಿಗೆಗೇ ಉರುಳಾಗುತ್ತದೆ. ಬೆಕ್ಕಿಗಂತೂ ಪೆಟ್ಟಿಗೆಯ ಹೊರತು ಬೇರೆ ಮಾತೇ ಇಲ್ಲ. ಹೆದರಿದ ಬೆಕ್ಕು ಹುಡುಕಿಕೊಂಡು ಹೋಗುವ ಕತ್ತಲೆಯ ಮೂಲೆ ಚಾಲಕನ ಕಾಲ ಬಳಿ, ಬ್ರೇಕಿನ ಕೆಳಗೇ ಇರುತ್ತದೆ. ಕಿಟಕಿಯಿಂದ ತಲೆ ಹೊರಹಾಕಿದ ನಾಯಿ ಚಿತ್ರದಲ್ಲಿ ಚೆಂದ. ಕಾಮಗಾರಿ ನಡೆಯುತ್ತಿರುವ ಹೆದ್ದಾರಿಯಲ್ಲಿ ಮುಂದಿನ ಲಾರಿಯಿಂದ ಸಿಡಿಯುವ ಕಡಿ ಕಣ್ಣಿಗೆ ಬಿದ್ದರೆ ಆ ಚೆಂದ ಅಲ್ಲಿಗೇ ಮುಗಿಯಿತು. ಸ್ಕೂಟರಿನ ಕಾಲಿಡುವ ಜಾಗದಲ್ಲಿ ನಾಯಿ ನಿಲ್ಲಿಸಿಕೊಂಡು ನುಗ್ಗೀಕೇರಿಗೆ ಹೊರಡುವವರ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ದಾರಿಯ ಮಧ್ಯೆ ನಿಲ್ಲಿಸುವಲ್ಲಿಯೇ ಹೆಚ್ಚು ನಾಯಿಗಳು ಕೈತಪ್ಪುವುದು. ಎರಡು-ಮೂರು ತಾಸಿಗೊಮ್ಮೆ ನೀರು ಕೊಟ್ಟು ನಡೆದಾಡಿಸುವುದು ಅಗತ್ಯವೇ. ಆದರೆ ಬಾಗಿಲು ತೆರೆಯುವ ಮೊದಲು ಸರಪಳಿ ಕೈಯಲ್ಲಿರಬೇಕು, ತೆರೆದ ಮೇಲಲ್ಲ. ಧಾಬಾ, ಖಾನಾವಳಿಗಳ ಸುತ್ತ ತಮ್ಮದೇ ಗಡಿ ಹಾಕಿಕೊಂಡ ಊರನಾಯಿಗಳಿರುತ್ತವೆ. ಅವು ಬೊಗಳಿ ಬಂದಾಗ ಹೊಸ ನಾಯಿ ಬೆದರಿ ಓಡುವುದು ಹೆದ್ದಾರಿಯ ಕಡೆಗೇ. ನಮ್ಮ ಭಾಗದಲ್ಲಿ ಮುಧೋಳ ನಾಯಿಗಳನ್ನು ಹೆಮ್ಮೆಯಿಂದ ಸಾಕುವವರು ಇದ್ದಾರೆ, ಅವರಿಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ಕಣ್ಣಿಗೆ ಬಿದ್ದದ್ದನ್ನು ಅಟ್ಟುವ ಬೇಟೆನಾಯಿ ಅದು. ತಲೆ ಸಪೂರ, ಕತ್ತು ಅದಕ್ಕಿಂತ ಅಗಲ, ಹೀಗಾಗಿ ಹಿಂದಕ್ಕೆ ಜಗ್ಗಿದರೆ ಸಾಧಾರಣ ಕೊರಳಪಟ್ಟಿಯಿಂದ ತಲೆ ಸಲೀಸಾಗಿ ನುಸುಳಿ ಬರುತ್ತದೆ. ಒಮ್ಮೆ ಮೊಲವನ್ನೋ ನವಿಲನ್ನೋ ಬೆನ್ನಟ್ಟಿ ಓಟ ಕಿತ್ತರೆ ಅದರ ವೇಗಕ್ಕೆ ಮನುಷ್ಯ ಸಾಟಿಯಲ್ಲ. ಬಂಕಾಪುರದ ಸುತ್ತ ನವಿಲುಗಳಿಗೇನೂ ಕೊರತೆಯಿಲ್ಲ. ಜಗ್ಗಿದಾಗ ಬಿಗಿಯಾಗುವ ಅಗಲ ಪಟ್ಟಿ ಅಥವಾ ಹಾರ್ನೆಸ್ ಇಲ್ಲದೆ ಈ ತಳಿಯನ್ನು ದಾರಿಯಲ್ಲಿ ಇಳಿಸಲೇಬಾರದು. ಯಾವ ತಳಿಯೇ ಆಗಲಿ, ಮಾಲೀಕರ ಮೊಬೈಲ್ ಸಂಖ್ಯೆ ಕೊರೆದ ಬಿಲ್ಲೆ ಕೊರಳಲ್ಲಿರಬೇಕು. ಚರ್ಮದ ಕೆಳಗೆ ಹಾಕುವ, ಹದಿನೈದು ಅಂಕಿಗಳ ಗುರುತಿನ ಸಂಖ್ಯೆಯಿರುವ ಮೈಕ್ರೋಚಿಪ್ ಇದ್ದರೆ ಇನ್ನೂ ಒಳ್ಳೆಯದು. ಆದರೆ ಅದನ್ನು ಓದುವ ಯಂತ್ರ ದಾರಿಬದಿಯ ಚಹಾದಂಗಡಿಯಲ್ಲಿ ಇರುವುದಿಲ್ಲ, ಬಿಲ್ಲೆಯನ್ನು ಯಾರು ಬೇಕಾದರೂ ಓದುತ್ತಾರೆ.

ಊಟದ ವಿಷಯ ಬೇಗ ಮುಗಿಸುತ್ತೇನೆ. ಹೊರಡುವ ಮೂರು-ನಾಲ್ಕು ತಾಸಿಗೆ ಮೊದಲೇ ಲಘುವಾಗಿ ಉಣಿಸಿದರೆ ಅರಬೈಲಿನ ತಿರುವುಗಳಲ್ಲಿ ವಾಂತಿ ಕಡಿಮೆಯಾಗುತ್ತದೆ. ಆದರೂ ವಾಂತಿ ಮಾಡುವ ನಾಯಿಗಳಿಗೆ ಪಶುವೈದ್ಯರು ಕೊಡುವ ಔಷಧಿ ಇದೆ, ಮನುಷ್ಯರ ಗುಳಿಗೆಯನ್ನು ಅಂದಾಜಿನ ಮೇಲೆ ಮುರಿದು ಹಾಕುವುದು ಬೇಡ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ಪ್ರಾಣಾಂತಿಕ, ಐಬುಪ್ರೊಫೆನ್ ನಾಯಿಗೆ ವಿಷ. ದಾರಿಯಲ್ಲಿ ಕೊಂಡ ಗಿರ್ಮಿಟ್ಟಿನ ಪೊಟ್ಟಣದಲ್ಲಿ ಉಳಿದದ್ದನ್ನು ನಾಯಿಗೆ ಹಾಕುವುದು ನಮ್ಮ ರೂಢಿ. ಅದರಲ್ಲಿರುವ ಹಸಿ ಉಳ್ಳಾಗಡ್ಡಿ ನಾಯಿ, ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ಕಾಡಿನ ಸೀಮೆ ಹೊಕ್ಕ ಮೇಲೆ ಇನ್ನೊಂದು ಬಗೆಯ ಅಪಾಯ ಶುರುವಾಗುತ್ತದೆ. ದಾಂಡೇಲಿ, ಜೋಯಿಡಾ ಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು. ಕಾಡಂಚಿನ ಹೋಂಸ್ಟೇಗಳ ಅಂಗಳದಲ್ಲಿ ರಾತ್ರಿ ನಾಯಿಯನ್ನು ಕಟ್ಟಿಹಾಕುವುದೆಂದರೆ ಚಿರತೆಗೆ ಕೈಯಾರೆ ಕೊಟ್ಟಂತೆ, ಏಕೆಂದರೆ ಕಾಡಂಚಿನ ಚಿರತೆಗೆ ನಾಯಿ ಸುಲಭದ ಬೇಟೆ. ಕಾಳಿ ನದಿಯಲ್ಲಿ ಮೊಸಳೆಗಳಿವೆ, ದಡದಲ್ಲಿ ನಾಯಿಗೆ ಈಜು ಕಲಿಸುವ ಉತ್ಸಾಹ ಬೇಡ. ಅಪಾಯ ನಮ್ಮ ನಾಯಿಯಿಂದ ಕಾಡಿಗೂ ಇದೆ. 2018ರಲ್ಲಿ ಗುಜರಾತಿನ ಗೀರ್ ಅರಣ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಕೆಲವೇ ವಾರಗಳಲ್ಲಿ ಸತ್ತಾಗ ಅವುಗಳಲ್ಲಿ ಪತ್ತೆಯಾದ ಸೋಂಕುಗಳಲ್ಲಿ ನಾಯಿಗಳಲ್ಲಿ ಸಾಮಾನ್ಯವಾಗಿರುವ ಡಿಸ್ಟೆಂಪರ್ ವೈರಸ್ ಕೂಡ ಇತ್ತು. ಲಸಿಕೆ ಹಾಕಿಸದ ನಾಯಿಯನ್ನು ಹುಲಿಯ ಕಾಡಿನ ಬಾಗಿಲಿಗೆ ಒಯ್ಯಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಾಗಿಲ್ಲ.

ಮಂಗನ ಕಾಯಿಲೆಯ ಬಗ್ಗೆಯೂ ಹೇಳಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರ ಉಣ್ಣೆ ಅಥವಾ ಉಣುಗು ಎಂಬ ರಕ್ತ ಹೀರುವ ಹುಳಗಳ ಕಡಿತದಿಂದ ಹರಡುತ್ತದೆ. ಅದರ ಕಾಲ ಸುಮಾರಾಗಿ ಡಿಸೆಂಬರಿನಿಂದ ಮೇವರೆಗೆ, ಅಂದರೆ ನಮ್ಮ ಸೂಟಿಯ ಕಾಲವೇ. ಶಿರಸಿ, ಸಿದ್ದಾಪುರ ಕಡೆಯ ಕಾಡುಹಾದಿಗಳಲ್ಲಿ ತಿರುಗಾಡಿದ ನಾಯಿಯ ಮೈಗೆ ಹತ್ತಿದ ಉಣ್ಣೆ ಅಲ್ಲಿಂದ ಕಾರಿನ ಸೀಟಿಗೂ ಬರಬಹುದು. ಹೊರಡುವ ಮೊದಲು ವೈದ್ಯರ ಸಲಹೆಯಂತೆ ಉಣ್ಣೆ ನಿವಾರಕ ಹಚ್ಚಿಸಿ, ಪ್ರತಿ ತಿರುಗಾಟದ ನಂತರ ಕಿವಿಯ ಸುತ್ತ, ಬೆರಳುಗಳ ನಡುವೆ, ಬಾಲದ ಬುಡದಲ್ಲಿ ಹುಡುಕಿ, ಬರಿಗೈಯಲ್ಲಿ ಹಿಸುಕದೆ ಚಿಮುಟದಿಂದ ಕೀಳಬೇಕು.

ತಮ್ಮಲ್ಲಿ ನನ್ನ ಎರಡನೆಯ ಹಾಗೂ ದೊಡ್ಡ ಕೋರಿಕೆ ವೈದ್ಯಸೇವೆಯದು. ಪಶು ಸಂಜೀವಿನಿ ಎಂಬ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕಾಗಿ 1962 ಎಂಬ ಸಂಖ್ಯೆ ಇದೆ, ರೈತರು ಅದನ್ನು ಬಲ್ಲರು. ನಗರದಲ್ಲಿ ನಾಯಿ, ಬೆಕ್ಕು ಸಾಕುವವರಲ್ಲಿ ಅನೇಕರಿಗೆ ಆ ಸಂಖ್ಯೆಯೇ ತಿಳಿದಿಲ್ಲ, ತಿಳಿದವರಿಗೆ ಅದು ದನಕರುಗಳಿಗಷ್ಟೇ ಎಂಬ ಭಾವನೆ ಇದೆ. ಭಾನುವಾರ ಅಥವಾ ಹಬ್ಬದ ದಿನ ಕಿರವತ್ತಿಯ ಹತ್ತಿರ ನಾಯಿಗೆ ಹಾವು ಕಡಿದರೆ ಕಲಘಟಗಿಗೆ ಹಿಂದಿರುಗಬೇಕೋ ಯಲ್ಲಾಪುರಕ್ಕೆ ಓಡಬೇಕೋ, ಅಲ್ಲಿ ಆ ಹೊತ್ತಿಗೆ ವೈದ್ಯರು ಇರುತ್ತಾರೋ ಇಲ್ಲವೋ ಎಂದು ಪ್ರವಾಸಿಗೆ ಹೇಳುವವರಿಲ್ಲ. ನಮ್ಮ ಜಿಲ್ಲೆಯಿಂದ ಹೊರಡುವ ಪ್ರತಿ ಹೆದ್ದಾರಿಯ ಮೇಲಿರುವ ಸರಕಾರಿ ಪಶು ಆಸ್ಪತ್ರೆಗಳು ರಜಾದಿನಗಳಲ್ಲಿ ತೆರೆದಿರುವ ವೇಳೆ, ಕರೆಗೆ ಸಿಗುವ ವೈದ್ಯರ ಕಚೇರಿ ಸಂಖ್ಯೆ, ಅಲ್ಲಿ ಹಾವಿನ ವಿಷಕ್ಕೆ ಔಷಧ ಇದೆಯೋ ಇಲ್ಲವೋ, ಇಷ್ಟನ್ನು ಒಂದು ಹಾಳೆಯಲ್ಲಿ ಹಾಕಿ ಜಿಲ್ಲಾಡಳಿತದ ಜಾಲತಾಣದಲ್ಲೂ ಟೋಲ್ ನಾಕಾಗಳಲ್ಲೂ ಪ್ರಕಟಿಸಬೇಕು. ದಾರಿಗಳು ಜಿಲ್ಲೆಯ ಗಡಿಗೆ ನಿಲ್ಲುವುದಿಲ್ಲವಾದ್ದರಿಂದ ಉತ್ತರ ಕನ್ನಡ, ಹಾವೇರಿ, ಗದಗ ಜಿಲ್ಲಾಧಿಕಾರಿಗಳಿಗೆ ತಾವೇ ಒಂದು ಪತ್ರ ಬರೆದರೆ ಪಟ್ಟಿ ಪೂರ್ತಿಯಾಗುತ್ತದೆ. ಗದಗಿನಲ್ಲಿ ಸರಕಾರಿ ಪಶುವೈದ್ಯಕೀಯ ಮಹಾವಿದ್ಯಾಲಯವೇ ಇದೆ. ಹಂಪಿಯ ದಾರಿ ಹಿಡಿದವರಿಗೆ ಅದರ ಚಿಕಿತ್ಸಾಲಯದ ವೇಳೆ ಗೊತ್ತಿದ್ದರೆ ಎಷ್ಟೋ ಅನುಕೂಲ.

ಪಟ್ಟಿಯ ಹಿಂಬದಿಯಲ್ಲಿ ಮೇಲೆ ಹೇಳಿದ ಎಚ್ಚರಿಕೆಗಳನ್ನು ಸರಳ ಕನ್ನಡದಲ್ಲಿ ಅಚ್ಚು ಹಾಕಿಸಬಹುದು. ಅದನ್ನು ಹಂಚಲು ಬೇರೆ ಸಮಾರಂಭ ಬೇಕಿಲ್ಲ. ರೇಬೀಸ್ ಲಸಿಕೆಗೆಂದು ವರ್ಷಕ್ಕೊಮ್ಮೆಯಾದರೂ ಮಾಲೀಕರು ನಾಯಿ ಕರೆದುಕೊಂಡು ಪಶು ಆಸ್ಪತ್ರೆಗೆ ಬರುತ್ತಾರೆ. ಲಸಿಕೆ ಪುಸ್ತಕದ ಜೊತೆಗೇ ಆ ಹಾಳೆಯನ್ನೂ ಕೊಟ್ಟರೆ ಅದು ಸೇರಬೇಕಾದವರ ಕೈಯನ್ನೇ ಸೇರುತ್ತದೆ. ಪ್ರವಾಸದಲ್ಲಿ ಆ ಪುಸ್ತಕ ಕಾರಿನಲ್ಲೇ ಇರಬೇಕೆಂಬುದನ್ನೂ ಆಗಲೇ ಹೇಳಿಬಿಡಬಹುದು, ಏಕೆಂದರೆ ನಾಯಿ ಯಾರಿಗಾದರೂ ಹಲ್ಲು ತಾಗಿಸಿದರೆ ಮೊದಲು ಬರುವ ಪ್ರಶ್ನೆ ಲಸಿಕೆಯದೇ.

ಈ ಪತ್ರ ಓದುವ ಅವಳಿ ನಗರದ ಬಂಧುಗಳಿಗೂ ನನ್ನದೊಂದು ಮಾತಿದೆ. ಎಲ್ಲ ಪ್ರಾಣಿಗಳನ್ನೂ ಎಲ್ಲ ಪ್ರವಾಸಕ್ಕೂ ಒಯ್ಯಬೇಕೆಂದೇನಿಲ್ಲ. ಮುಪ್ಪಾದ ನಾಯಿ, ಗಬ್ಬದ ನಾಯಿ, ಕಾರು ಹತ್ತಿದೊಡನೆ ನಡುಗುವ ನಾಯಿ, ಮನೆ ಬಿಟ್ಟು ಕದಲಲೊಲ್ಲದ ಬೆಕ್ಕು, ಇವಕ್ಕೆ ಮೇ ತಿಂಗಳ ಕರಾವಳಿಯ ಸೆಕೆ ಸುಖವಲ್ಲ. ನಂಬಿಕಸ್ಥ ನೆರೆಯವರೋ ಬಂಧುಗಳೋ ದಿನಕ್ಕೆರಡು ಬಾರಿ ಬಂದು ನೋಡಿಕೊಳ್ಳುವಂತಿದ್ದರೆ ಮನೆಯೇ ಮೇಲು. ಸಾಕುಪ್ರಾಣಿಗಳನ್ನು ಇಟ್ಟುಕೊಳ್ಳುವ ವಸತಿಗಳಿಗೆ ಬಿಡುವುದಾದರೆ, ನಿಮ್ಮ ನಾಯಿಯ ಲಸಿಕೆ ಪುಸ್ತಕ ಕೇಳದ ಜಾಗದಲ್ಲಿ ಬಿಡಬೇಡಿ. ನಿಮ್ಮದನ್ನು ಕೇಳದವರು ಉಳಿದವರದ್ದನ್ನೂ ಕೇಳಿರುವುದಿಲ್ಲ. ಎರಡು ದಿನದ ಅನ್ನ, ಒಂದು ಬಕೆಟ್ ನೀರು ಇಟ್ಟು ಸರಪಳಿ ಹಾಕಿ ಊರಿಗೆ ಹೋಗುವುದು ಮಾತ್ರ ಕ್ರೌರ್ಯವೇ. ಒಯ್ಯುವುದೇ ಆದರೆ ಸೂಟಿಗೆ ಮೊದಲೇ ಉಣಕಲ್ಲಿನವರೆಗೆ, ನವನಗರದವರೆಗೆ ಸಣ್ಣ ಸಣ್ಣ ಸವಾರಿ ಮಾಡಿಸಿ ಹಾರ್ನೆಸ್ಸಿಗೂ ಪೆಟ್ಟಿಗೆಗೂ ರೂಢಿ ಮಾಡಿಸಿ, ಬೆಳಗಿನ ಜಾವವೇ ಹೊರಡಿ, ನಡುಮಧ್ಯಾಹ್ನ ನೆರಳಲ್ಲಿ ತಂಗಿ.

ಮಾನ್ಯರೇ, ಇಲ್ಲಿ ಕೇಳಿರುವ ಕೆಲಸಗಳಿಗೆ ಹೊಸ ಹುದ್ದೆಯಾಗಲಿ ದೊಡ್ಡ ಅನುದಾನವಾಗಲಿ ಬೇಕಾಗಿಲ್ಲ. ಏಪ್ರಿಲ್ ಎರಡನೇ ವಾರಕ್ಕೆ ಮೊದಲು ನಡೆಯುವ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಸಭೆಯ ವಿಷಯಸೂಚಿಯಲ್ಲಿ ಇದನ್ನು ಸೇರಿಸಿ, ಪಶುಪಾಲನಾ ಇಲಾಖೆಯ ಉಪನಿರ್ದೇಶಕರನ್ನೂ ಪ್ರಾಣಿ ದಯಾ ಸಂಘದ ಸದಸ್ಯರನ್ನೂ ಆ ದಿನ ಅದೇ ಸಭೆಗೆ ಕರೆಸಬೇಕೆಂದು ಕೋರುತ್ತೇನೆ. ಹಾಳೆಯ ಕರಡು ಸಿದ್ಧಪಡಿಸುವುದಕ್ಕೂ, ನಿಲುಗಡೆಗಳಲ್ಲಿ ನಿಂತು ಹಂಚುವುದಕ್ಕೂ ನಮ್ಮ ಬಡಾವಣೆಯ ಕೆಲವರು ಸಿದ್ಧರಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ವಿದ್ಯಾನಗರದ ಒಬ್ಬ ನಿವಾಸಿ,
ಹುಬ್ಬಳ್ಳಿ